825 ಮಿ.ಮೀ. ಅನ್ನೋ ಅರ್ಧಸತ್ಯ

ನಮ್ಮ ಬೈಕ್ ರಿವ್ಯೂಗಳಲ್ಲಿ ಒಂದು ಮಾತು ಖಾಯಂ: 'ಸೀಟ್ ಹೈಟ್ ಸ್ವಲ್ಪ ಜಾಸ್ತಿ, ಆದ್ರೆ ಎರಡು ದಿನದಲ್ಲಿ ಅಭ್ಯಾಸ ಆಗುತ್ತೆ.' ಇದನ್ನ ಹೇಳೋರು ಸಾಮಾನ್ಯವಾಗಿ ಆರಡಿಯ ಆಸುಪಾಸಿನವರು. ನಾನು 5 ಅಡಿ 3 ಇಂಚು. ನನ್ನಂಥವರಿಗೆ ಈ ರಿವ್ಯೂ ಉಪಯೋಗಕ್ಕೆ ಬರಲ್ಲ.

ಹಳೇ ಹಿಮಾಲಯನ್ 411ರ ಸೀಟ್ 800 ಮಿ.ಮೀ., ಹೊಸ 450ರದ್ದು 825. ಎಕ್ಸ್‌ಪಲ್ಸ್ 200 4ವಿ ಕೂಡ 825. ಕೆಟಿಎಂ 390 ಅಡ್ವೆಂಚರ್ 855 ಇತ್ತು. ಈ ಅಂಕಿಗಳು ಸುಳ್ಳಲ್ಲ, ಅರ್ಧ ಸತ್ಯ. ನೀವು ಕೂತ ಕೂಡಲೇ ಸಸ್ಪೆನ್ಷನ್ ಒಂದಷ್ಟು ಕೆಳಗಿಳಿಯುತ್ತೆ. ಅದು ನಿಮ್ಮ ತೂಕದ ಮೇಲೆ ಹೋಗುತ್ತೆ. ಸೀಟ್ ಅಗಲ ಇದ್ರೆ ತೊಡೆ ಹರಡಿ ಕಾಲು ಗಿಡ್ಡ ಆದಂಗಾಗುತ್ತೆ. ಅಗಲವಾದ 800ಕ್ಕಿಂತ ಕಿರಿದಾದ 825ರಲ್ಲೇ ಕಾಲು ಚೆನ್ನಾಗಿ ಎಟುಕಬಹುದು. ರಿವ್ಯೂ ಮಾಡೋರು ಇದನ್ನ ಹೇಳಬೇಕಿತ್ತು. ಹೇಳಲ್ಲ.

ಆಗ ಗ್ಯಾರೇಜಿನ ಹುಡುಗ ಹೇಳ್ತಾನೆ: 'ಲೋ ಮಾಡಿಸ್ಬಿಡಿ ಸಾರ್, ಸ್ಪ್ರಿಂಗ್ ಕಟ್ ಮಾಡಿದ್ರೆ ಆಯ್ತು.' ದಯವಿಟ್ಟು ಬೇಡ. ಸುತ್ತು ಕಡಿಮೆ ಆದ್ರೆ ಸ್ಪ್ರಿಂಗ್ ಇನ್ನೂ ಗಟ್ಟಿಯಾಗುತ್ತೆ, ಕುಗ್ಗೋಕೆ ಇದ್ದ ಜಾಗವೂ ಹೋಗುತ್ತೆ. ಬರೀ ಹಿಂದೆ ಇಳಿಸಿದರೆ ಹ್ಯಾಂಡಲ್ ಮಂದವಾಗಿ, ಹೆಡ್‌ಲೈಟ್ ಎದುರು ಬರೋರ ಕಣ್ಣಿಗೆ ಹೊಡೆಯುತ್ತೆ. ಬರೀ ಮುಂದೆ ಇಳಿಸಿದರೆ ಸ್ಪೀಡಲ್ಲಿ ಹ್ಯಾಂಡಲ್ ಚಂಚಲ ಆಗುತ್ತೆ.

ಅಸಲಿ ಬೆಲೆ ಗೊತ್ತಾಗೋದು ಹಳ್ಳಿ ರಸ್ತೇಲಿ. ಯಡಿಯೂರಿನ ಹತ್ತಿರ ಹೈವೇ ಬಿಟ್ಟು ಮಾರ್ಕೋನಹಳ್ಳಿ ಡ್ಯಾಮಿನ ಕಡೆ ತಿರುಗಿ ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮೂರ ಕಡೆ ಹಂಪ್ ಹಾಕೋದು ಮನೆ ಮುಂದೆ ಮಕ್ಕಳು ಆಡ್ತಾರೆ ಅನ್ನೋ ಲೆಕ್ಕದಲ್ಲಿ. ಹಳೇ ಹಿಮಾಲಯನ್‌ಗೆ ನೆಲದಿಂದ 220 ಮಿ.ಮೀ. ಅಂತರ ಕೊಟ್ಟಿದ್ದೇ ಇಂಥ ಜಾಗಕ್ಕೆ. ಬೈಕ್ 40 ಇಳಿಸಿದರೆ 180 ಉಳೀತು. ಅಡ್ವೆಂಚರ್ ಬೈಕಿಗೆ ದುಡ್ಡು ಕೊಟ್ಟು ಅಡ್ವೆಂಚರನ್ನೇ ತೆಗೆಸಿ ಹಾಕಿದಂಗೆ.

ಹಾಗಾದ್ರೆ ಏನು ಮಾಡೋದು? ಮೊದಲು ಸೀಟ್. ಫೋಮ್ ತೆಗೆಸಿ, ಮುಂದಿನ ಅಂಚು ಕಿರಿದು ಮಾಡಿಸಿ. ಬೈಕಿನ ಜಾಮಿಟ್ರಿಗೆ ಏನೂ ಆಗಲ್ಲ. ಹಿಮಾಲಯನ್ 450ಕ್ಕೆ 805ಕ್ಕೆ ಇಳಿಯೋ ಸೀಟನ್ನ ಕಂಪನಿಯೇ ಮಾರುತ್ತೆ. ಆಮೇಲೆ ಪ್ರೀಲೋಡ್ ಸ್ವಲ್ಪ ಸಡಿಲಿಸಿ ನೋಡಿ. ಆದ್ರೆ ಹಿಂದೆ ಒಬ್ಬರು ಕೂತಾಗ ಹಂಪಲ್ಲಿ ತಳ ಹೊಡೆಯುತ್ತಾ ಅಂತ ಪರೀಕ್ಷೆ ಮಾಡಿ. ಅದೂ ಸಾಲದಿದ್ರೆ ಮಾತ್ರ ಸಸ್ಪೆನ್ಷನ್. ಮೊನೋಶಾಕ್ ಬೈಕಾದ್ರೆ ಹಿಂದೆ ಲಿಂಕ್ ಬದಲಿಸಿ, ಹೆಚ್ಚುಕಡಿಮೆ ಅಷ್ಟೇ ಅಳತೆ ಮುಂದಿನ ಫೋರ್ಕನ್ನ ಕ್ಲ್ಯಾಂಪಲ್ಲಿ ಮೇಲಕ್ಕೆ ಸರಿಸಬೇಕು. ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಟೈರು, ಮಡ್‌ಗಾರ್ಡ್ ಎಲ್ಲೂ ತಾಗಬಾರದು. ಸೈಡ್ ಸ್ಟ್ಯಾಂಡನ್ನೂ ಅದಕ್ಕೆ ತಕ್ಕಂತೆ ಗಿಡ್ಡ ಮಾಡಿಸಲೇಬೇಕು. ಇಲ್ಲಾಂದ್ರೆ ಬೈಕ್ ನೆಟ್ಟಗೆ ನಿಂತು, ಯಾರೋ ಬ್ಯಾಗ್ ತಗುಲಿಸಿದರೂ ಬಲಕ್ಕೆ ಬೀಳುತ್ತೆ.

ಇದೆಲ್ಲ ನಾವೇ ಮಾಡ್ಕೋಬೇಕಾ ಅನ್ನೋದೇ ನನ್ನ ತಕರಾರು. ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನ ಉಲ್ಲೇಖಿಸಿ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಹಾಗಿದ್ಮೇಲೆ ಕಂಪನಿಯೇ ಲಿಂಕು, ಸ್ಟ್ಯಾಂಡು ಸೇರಿಸಿ ಮಾರಲಿ. 2023ರಲ್ಲಿ ಕೆಟಿಎಂ 390 ಅಡ್ವೆಂಚರನ್ನ 830 ಮಿ.ಮೀ.ಗೆ ಇಳಿಸಿ 'ವಿ' ಅಂತ ಬಿಟ್ಟಿತ್ತು. ಅಂದ್ರೆ ಆಗದ ಕೆಲಸ ಅಲ್ಲ.

ರಿವ್ಯೂ ಮಾಡೋರಿಗೆ ಒಂದೇ ಮನವಿ: ನಿಮ್ಮ ಎತ್ತರದ ಜೊತೆ ಕಾಲಿನ ಅಳತೆಯನ್ನೂ ಹೇಳಿ. ಇಳಿಜಾರಲ್ಲಿ 196 ಕೆ.ಜಿ. ಹಿಮಾಲಯನ್ ನಿಲ್ಲಿಸಿ, ಹಿಂದೆ ಒಬ್ಬರನ್ನ ಕೂರಿಸಿ, ಒಂದು ಪಾದವಾದ್ರೂ ಪೂರ್ತಿ ಊರುತ್ತಾ ಅಂತ ತೋರಿಸಿ. ಗಿಡ್ಡವರು ಬೈಕ್ ಬೀಳಿಸೋದು ನೂರರ ಸ್ಪೀಡಲ್ಲಿ ಅಲ್ಲ ಕಣ್ರೀ, ನಿಂತಲ್ಲೇ.