ಮಗ್ಗ ನಿಲ್ಲಿಸಬೇಡಿ, ಮೈಕ್ ಹಿಡಿಯಿರಿ

ದೊಡ್ಡಬಳ್ಳಾಪುರದ ನೇಕಾರರ ಓಣಿಯಲ್ಲಿ ಧ್ವನಿಮುದ್ರಣಕ್ಕೆ ಹೊರಟವರಿಗೆ ಸಿಗುವ ಮೊದಲ ಸಲಹೆ: ಮಗ್ಗ ನಿಲ್ಲಿಸಿ ಮಾತಾಡಿಸಿ, ಇಲ್ಲದಿದ್ದರೆ ಏನೂ ಕೇಳಿಸದು. ನನ್ನದು ಇದಕ್ಕೆ ತದ್ವಿರುದ್ಧದ ಕೋರಿಕೆ. ಮಗ್ಗ ಓಡುತ್ತಿರಲಿ. ವಿದ್ಯುತ್ ಮಗ್ಗದ ಪಕ್ಕ ವರ್ಷಗಟ್ಟಲೆ ದುಡಿದವರ ಮಾತಿನ ವರಸೆಯೇ ಬೇರೆ. ವಾಕ್ಯ ಮೊಟಕು, ದನಿ ಎತ್ತರ, ಮುಖ್ಯವಾದುದನ್ನು ಎರಡೆರಡು ಸಲ ಹೇಳುವ ರೂಢಿ. ಮಾತಿನ ನಡುವೆ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತರೂ ಆ ದನಿ ತಕ್ಷಣ ಇಳಿಯುವುದಿಲ್ಲ. ಇನ್ನೂ ಸದ್ದಿನ ಜೊತೆ ಸೆಣಸುತ್ತಲೇ ಇರುತ್ತದೆ. ಸೀರೆಗಿಷ್ಟು ಎಂದು ಮಜೂರಿ ಪಡೆಯುವವರಿಗೆ ಆ ನಿಶ್ಶಬ್ದವೆಂದರೆ ಸಂಪಾದನೆ ನಿಂತ ಹೊತ್ತು. ಕಿವಿಗೆ ಬಿದ್ದ ಪೆಟ್ಟು, ಕೂಲಿಗೆ ಬಿದ್ದ ಪೆಟ್ಟು ಎರಡೂ ಆ ಗಳಿಗೆಯಲ್ಲಿ ಕೇಳಿಸುತ್ತವೆ. ನಿರೂಪಕರು ಬಾಯಿ ಹಾಕಬೇಕಾಗಿಲ್ಲ.

ಶಬ್ದ ಮತ್ತು ಸ್ವಂತ ಅನುಭವದ ಮಾತನ್ನು ಹೀಗೆ ಹೆಣೆಯುವ ಕಲೆಗೆ ಹೊರಗೆ ದೊಡ್ಡ ಪರಂಪರೆಯಿದೆ. ಬಿಬಿಸಿಯಲ್ಲಿ ಕಾರ್ಮಿಕರ ಮಾತನ್ನು ಬರೆದುಕೊಂಡು ನಟರಿಂದ ಓದಿಸುತ್ತಿದ್ದ ಕಾಲದಲ್ಲಿ ಚಾರ್ಲ್ಸ್ ಪಾರ್ಕರ್, ಇವಾನ್ ಮೆಕಾಲ್, ಪೆಗಿ ಸೀಗರ್ 1958ರಲ್ಲಿ ರೈಲು ಚಾಲಕ ಜಾನ್ ಆಕ್ಸನ್ ಕುರಿತು ಹಾಡು, ಸದ್ದು, ಮಾತು ಹೆಣೆದ ‘ರೇಡಿಯೋ ಬ್ಯಾಲಡ್’ ಮಾಡಿದರು. ರೈಲ್ವೆಯವರ ಅಸಲಿ ದನಿಯೇ ಅದರಲ್ಲಿತ್ತು.

ನಮ್ಮಲ್ಲಿಯೂ ಇದಕ್ಕೆ ಬೇರುಗಳಿವೆ. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದ್ದರು. ಆದರೆ ನನ್ನನ್ನು ಹೆಚ್ಚು ಸೆಳೆಯುವುದು ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಕೇಂದ್ರ. ವಾಯ್ಸಸ್, ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಅದನ್ನು ಕಟ್ಟಿದವು. ತರಂಗಾಂತರ ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಹಳ್ಳಿಯವರಿಗೆ ಪರವಾನಗಿ ಸಿಗುವಂತಿರಲಿಲ್ಲ. ಅವರು ಕೈಕಟ್ಟಿ ಕೂರಲಿಲ್ಲ. ಧ್ವನಿಮುದ್ರಿಸಿದ್ದನ್ನು ಸ್ವಸಹಾಯ ಸಂಘದ ಸಭೆಗಳಲ್ಲಿ ಕೇಳಿಸಿದರು; 2003ರಲ್ಲಿ ಟಿವಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ಮುಟ್ಟಿಸಿದರು. ಸಂಘಸಂಸ್ಥೆಗಳಿಗೆ ಸಮುದಾಯ ರೇಡಿಯೋ ಬಾಗಿಲು ತೆರೆದದ್ದು 2006ರ ನವೆಂಬರಿನಲ್ಲಿ. ಬೂದಿಕೋಟೆಯ ಹೆಣ್ಣುಮಕ್ಕಳು ಆ ಹೊತ್ತಿಗಾಗಲೇ ಪಳಗಿದ್ದರು.

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಗೂ ‘ಸಾರಥಿ ಝಲಕ್’ ಎಂಬ ಸಮುದಾಯ ರೇಡಿಯೋ ಬಂತು. ಇಂಥ ಕೇಂದ್ರಗಳಿಗೆ ಒಂದು ಕಟ್ಟುಪಾಡಿದೆ: ತಮ್ಮದೇ ಸುದ್ದಿ ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದು, ಅಷ್ಟೆ. ಈ ನಿರ್ಬಂಧ ತಪ್ಪೆಂದೇ ನನ್ನ ಖಚಿತ ಅಭಿಪ್ರಾಯ. ಅದು ತೊಲಗುವವರೆಗೆ ಉಳಿಯುವ ದಾರಿ ಆತ್ಮಕಥನದ್ದು. ಭೂಸ್ವಾಧೀನ ಸುದ್ದಿಯಾಗುತ್ತದೆ, ತನ್ನ ಹೊಲದ ಬಗ್ಗೆ ಒಬ್ಬಾಕೆ ಆಡುವ ಮಾತು ಆಕೆಯ ಬದುಕು.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯನ್ನೇ ನೋಡಿ. 13 ಹಳ್ಳಿಗಳ 1,777 ಎಕರೆ ಉಳಿಸಿಕೊಳ್ಳಲು ರೈತರು 2022ರಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಘೋಷಣೆ, ಭಾಷಣ, ಮುಖ್ಯಮಂತ್ರಿಗಳ ಮಾತು ಎಲ್ಲ ದಾಖಲಾಗಿವೆ. ಆದರೆ ಧರಣಿಗೆ ಹೊರಡುವ ಮುನ್ನ ಹಾಲು ಕರೆದು ಡೇರಿಗೆ ಹಾಕಿ ಬಂದವರ ಬೆಳಗು ಹೇಗಿತ್ತು? ಭೂಮಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದೆ ರಾಗಿ ಬಿತ್ತಿದವರು ಮನೆಯಲ್ಲಿ ಏನು ಮಾತಾಡಿಕೊಂಡರು? ಇವು ಧ್ವನಿಕೃತಿಗೆ ಹೇಳಿಮಾಡಿಸಿದ ಪ್ರಶ್ನೆಗಳು. ಮಾತಿನ ಮಧ್ಯೆ ವಿಮಾನ ಹಾದುಹೋದರೆ ಮಾತಾಡುತ್ತಿರುವಾಕೆ ತಡೆದು, ಸದ್ದು ದಾಟಿದ ಮೇಲೆ ಮುಂದುವರಿಸುತ್ತಾಳೆ. ಎಡಿಟ್ ಮಾಡುವವರು ಮೊದಲು ಕತ್ತರಿಸುವುದು ಆ ಬಿಡುವನ್ನೇ. 2008ರಿಂದ ಪಕ್ಕದಲ್ಲಿರುವ ವಿಮಾನ ನಿಲ್ದಾಣದ ಕಥೆ ಇರುವುದು ಅಲ್ಲೇ. ಅದಕ್ಕೆ ಕೈ ಹಚ್ಚಬೇಡಿ. ದುಃಖದ ಮಾತು ಬಂದಾಗಲೆಲ್ಲ ಕೆಳಗೆ ಕೊಳಲು ಸೇರಿಸುವ ಚಾಳಿಯನ್ನೂ ಬಿಡಿ. ಹೀಗೆ ಅಲಂಕಾರದಲ್ಲಿ ಮುಳುಗಿಹೋದ ಒಳ್ಳೆಯ ಸಂದರ್ಶನಗಳನ್ನು ಕೇಳಿ ನೊಂದಿದ್ದೇನೆ.

ಇದಕ್ಕೆ ಸ್ಟುಡಿಯೋ ಬೇಡ. ಮೊಬೈಲು, ಗಾಳಿ ತಡೆಯುವ ಸ್ಪಂಜು ಹಾಕಿದ ಒಂದು ಪುಟ್ಟ ಮೈಕು ಸಾಕು. ಮಾತು ಮುಗಿದ ಮೇಲೂ ಎರಡು ನಿಮಿಷ ರೆಕಾರ್ಡಿಂಗ್ ಓಡಲಿ, ಆ ಜಾಗದ ಬರಿಯ ಸದ್ದು ಬೇಕಾಗುತ್ತದೆ. ಸಿದ್ಧವಾದ ಕೃತಿಯನ್ನು ಮೊದಲು ಕೇಳಿಸಬೇಕಾದ್ದು ಮಾತಾಡಿದವರಿಗೆ, ಅವರದೇ ಜಗಲಿಯಲ್ಲಿ. ಅವರು ತೆಗೆಯಿರಿ ಎಂದದ್ದನ್ನು ತೆಗೆದು, ಆಮೇಲೆ ನಮ್ಮಂಥ ಕೇಳುಗರಿಗೆ ಕೊಡಿ.