ಕಾಣಿಕೆ ಚೀಲ ಮತ್ತು ಲೆಕ್ಕದ ಹಾಳೆ

ಕೊಡುವುದನ್ನು ಬೀದರ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನಕ ಝೀರಾದ ಲಂಗರ್, ಭಾಲ್ಕಿ ಹಿರೇಮಠದ ದಾಸೋಹ ಕಂಡ ನೆಲವಿದು. ಇಲ್ಲಿನ ಮೆಥೊಡಿಸ್ಟ್ ಮನೆಗಳಲ್ಲೂ, ಅದು ನೌಬಾದವಿರಲಿ ಔರಾದದ ಹಳ್ಳಿಯಿರಲಿ, ಭಾನುವಾರ ಆರಾಧನೆಗೆ ಹೊರಡುವಾಗ ಮಕ್ಕಳ ಕೈಗೊಂದು ನಾಣ್ಯ ಇಡುವುದುಂಟು. ಹಾಡು ನಡೆದಿರುವಾಗಲೇ ಕಾಣಿಕೆ ಚೀಲ ಸಾಲಿನಿಂದ ಸಾಲಿಗೆ ಬರುತ್ತದೆ. ಮುಚ್ಚಿದ ಮುಷ್ಟಿ ಒಳಗಿಳಿಯುತ್ತದೆ, ಬರಿಗೈ ಹೊರಬರುತ್ತದೆ. ಎಷ್ಟು ಬಿತ್ತೆಂಬುದು ಪಕ್ಕದವರಿಗೂ ತಿಳಿಯದು. ಬಡವರ ಮಾನ ಕಾಯುವ ಚೀಲ ಅದು.

ಕೊಡುವಾಗಿನ ಈ ಸಂಕೋಚ ಲೆಕ್ಕ ಕೇಳುವಾಗಲೂ ಬಾಯಿ ಕಟ್ಟಿಬಿಟ್ಟರೆ ಮಾತ್ರ ತೊಂದರೆ.

ಮೆಥೊಡಿಸ್ಟರ ಇತಿಹಾಸದಲ್ಲೇ ಇದಕ್ಕೊಂದು ಉತ್ತರ ಸಿಗುತ್ತದೆ. 1742ರ ಫೆಬ್ರವರಿ, ಇಂಗ್ಲೆಂಡಿನ ಬ್ರಿಸ್ಟಲ್. ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯವರ ಪ್ರಾರ್ಥನಾಲಯದ ಮೇಲೆ ಸಾಲವಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡುವುದು, ಸುಮಾರು ಹನ್ನೆರಡು ಮಂದಿಗೊಬ್ಬ ಮುಖಂಡ ಮನೆಮನೆಗೆ ಹೋಗಿ ಅದನ್ನು ಕೂಡಿಸುವುದು ಎಂದಾಯಿತು. ಕೊಡಲಾಗದವರ ಪಾಲನ್ನು ಮುಖಂಡನೇ ತುಂಬಬೇಕು. ಪೆನ್ನಿಗೆಂದು ಹೋದವನ ಕಣ್ಣಿಗೆ ಆ ಮನೆಯ ಜಗಳ, ಕಾಯಿಲೆ, ಕುಡಿತವೂ ಬಿದ್ದವು. ಪ್ರಾರ್ಥನೆಗೆ ಪ್ರಾಮುಖ್ಯ ಕೊಡುವ ಮೆಥೊಡಿಸ್ಟ್ 'ಕ್ಲಾಸ್' ಕೂಟ ಹುಟ್ಟಿದ್ದು ಹೀಗೆ, ವಸೂಲಿಯ ತಿರುಗಾಟದಿಂದ! ಕೊಡುವವರ ಹೊಸ್ತಿಲು ತುಳಿದ ಮೇಲೆಯೇ ಅವರಿಗಾಗಿ ಪ್ರಾರ್ಥಿಸುವುದಕ್ಕೆ ಅರ್ಥ ಬಂತು.

1870ರ ದಶಕದಲ್ಲಿ ದಕ್ಷಿಣ ಭಾರತಕ್ಕೆ ಅಮೆರಿಕದ ಮೆಥೊಡಿಸಂ ತಂದ ವಿಲಿಯಂ ಟೇಲರ್ ಅವರದೂ ಇಂಥದೇ ಹಟ: ಸಭೆ ತನ್ನ ಖರ್ಚನ್ನು ತಾನೇ ಹೊರಬೇಕು. ಬೀದರದಲ್ಲಿ ಆ ಹಟ ಉಳಿಯಲಿಲ್ಲ. ಕೈಬರಿದಾದ ದಲಿತ ಕುಟುಂಬಗಳೇ ಹೆಚ್ಚಾಗಿ ಸೇರಿದ ಸಭೆಗೆ ಶಾಲೆ, ಆಸ್ಪತ್ರೆ ಕಟ್ಟಲು ಅಮೆರಿಕದ ಹಣ ಬೇಕಾಯಿತು. ಅದನ್ನು ತಪ್ಪೆನ್ನಲಾಗದು. ಆದರೆ ಲೆಕ್ಕ ಕಡಲಾಚೆಗೆ ಹೋಗುವ ರೂಢಿ ಬಿತ್ತು, ಊರಿನವರಿಗೆ ಒಪ್ಪಿಸುವ ರೂಢಿ ಬೆಳೆಯಲಿಲ್ಲ. 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಸ್ವತಂತ್ರವಾಯಿತು. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯ ಕಾನೂನು ಇನ್ನಷ್ಟು ಬಿಗಿಯಾಗಿ, ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಈಗ ಸೇವೆಯ ಭಾರ ಊರಿನ ಮುಷ್ಟಿಯ ಮೇಲೆಯೇ.

ಆ ಮುಷ್ಟಿ ಸಣ್ಣದೇನಲ್ಲ. ತೆಲಂಗಾಣದ ಧಾರೂರಿನಲ್ಲಿ 1923ರಲ್ಲಿ ಶುರುವಾದ ಮೆಥೊಡಿಸ್ಟ್ ಜಾತ್ರೆಗೆ ನವೆಂಬರಿನಲ್ಲಿ ಈ ಕಡೆಯವರೂ ಹೋಗುತ್ತಾರೆ. ಬೀದರ, ಭಾಲ್ಕಿಯಿಂದ ವಿಕಾರಾಬಾದಿಗೆ ರೈಲುಂಟು. ಔರಾದದವರು ಮೊದಲು ಬಸ್ಸೋ ಜೀಪೋ ಹಿಡಿಯಬೇಕು. ಡೇರೆ ಹಾಕಿ, ಒಲೆ ಹೂಡಿ, ಪ್ರಾರ್ಥಿಸಿ, ಹರಕೆ ತೀರಿಸಿ ಬರುತ್ತಾರೆ. ಬೇಡಿದ್ದು ಸಿಕ್ಕಿತು, ಅದಕ್ಕೆ ಕೊಡುತ್ತೇನೆ ಎಂಬ ಈ ಲೆಕ್ಕಾಚಾರಕ್ಕೆ ಓದಿದವರು ಮೂಗು ಮುರಿಯುವುದುಂಟು. ಮುರಿಯಬೇಕಿಲ್ಲ. ಹರಕೆಯವರು ಪಡೆದ ಮೇಲೆ ಕೊಡುತ್ತಾರೆ. ನೂರು ಹಾಕಿದರೆ ಸಾವಿರ ಬರುತ್ತದೆಂದು ಮೊಬೈಲಿನಲ್ಲಿ ಕ್ಯೂಆರ್ ಕೋಡ್ ತೋರಿಸುವ ಬೋಧಕರು ಕೊಡುವ ಮೊದಲೇ ಬಡ್ಡಿಯ ಆಸೆ ಹುಟ್ಟಿಸುತ್ತಾರೆ. ಅದು ಕಾಣಿಕೆಯಲ್ಲ, ಚೀಟಿ ವ್ಯವಹಾರ.

ಸುಗ್ಗಿ ಹಬ್ಬದ ಲಿಲಾವಿನ ಬಗ್ಗೆಯೂ ಒಂದು ತಕರಾರಿದೆ. ವಿಶ್ವಾಸಿಗಳು ತಂದಿಟ್ಟ ತೊಗರಿ, ಕುಂಬಳಕಾಯಿ, ಕೋಳಿಯನ್ನು ಕೂಗಿ ಮಾರುವಾಗ ನಗು, ಗದ್ದಲ, ಪೈಪೋಟಿ. ಕುಂಬಳಕಾಯಿಗೆ ಸಂತೆಯ ಬೆಲೆಯ ಹತ್ತು ಪಟ್ಟು ಕೂಗಿದವರ ಹೆಸರು ಎಲ್ಲರ ಬಾಯಲ್ಲಿ. ಅದನ್ನು ಬೆಳೆದು ಹೊತ್ತು ತಂದವಳು ಹಿಂದಿನ ಸಾಲಿನಲ್ಲೇ ಕೂತಿರುತ್ತಾಳೆ. ಎರಡು ಕಾಸು ಹಾಕಿದ ವಿಧವೆಯ ಮೇಲೆ ಪ್ರಸಂಗ ಮಾಡುವ ಸಭೆಗೆ ಇದು ಒಪ್ಪುವುದಿಲ್ಲ.

ಗಳಿಕೆಯ ಹತ್ತರಲ್ಲೊಂದು ಪಾಲಾದ ದಶಮಾಂಶ ಕೇಳುವಾಗ ಬೈಬಲಿನ ಮಲಾಕಿಯ ಪುಸ್ತಕ ಥಟ್ಟನೆ ತೆರೆಯುತ್ತದೆ. ಕೊರಿಂಥದವರಿಗೆ ಪೌಲ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯವೂ ಅಷ್ಟೇ ಸಲ ತೆರೆಯಲಿ. ಕೂಡಿದ ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದೆಂದು ಪೌಲ ತೀತನ ಜೊತೆಗೆ ಸಭೆಗಳ ನಂಬಿಕೆಯ ಇಬ್ಬರನ್ನು ಕಳಿಸಿದ ಕತೆ ಅಲ್ಲಿದೆ. ಬೀದರ, ಭಾಲ್ಕಿ, ಔರಾದದ ಸಭೆಗಳು ತಿಂಗಳಿಗೊಮ್ಮೆ ಜಮಾ ಖರ್ಚಿನ ಒಂದು ಹಾಳೆಯನ್ನು ಬಾಗಿಲ ಪಕ್ಕ, ಚಪ್ಪಲಿ ಬಿಡುವಲ್ಲಿ, ಎಲ್ಲರಿಗೂ ಕಾಣುವಂತೆ ಅಂಟಿಸಲಿ.