ಮ್ಯಾಕ್‌ಬೆತ್‌ಗೆ ‘ಯಾರಪ್ಪಾ ನೀನು?’ ಅಂತ ಕೇಳೋರ್‍ಯಾರು?

ಪರದೇಶದ ನಾಟಕವೊಂದು ನಮ್ಮ ಬಯಲಾಟದ ವೇಷ ತೊಟ್ಟು ಬಂದರೆ ಕಥೆಯ ಹಿಂದೆ ಓಡಬೇಡಿ. ಪಾತ್ರ ರಂಗಕ್ಕೆ ಹೇಗೆ ಬರುತ್ತದೆ, ನೋಡಿ. ಊರಿಗಾಂ, ಬಂಗಾರಪೇಟೆ ಕಡೆಯವರಿಗೆ ಇದು ಹೊಸ ಪಾಠವೇನಲ್ಲ. ಅಲ್ಲಿನ ಚಿನ್ನದ ಗಣಿಗೆ ದುಡಿಯಲು ಬಂದ ಎಷ್ಟೋ ಮನೆತನಗಳ ಮೂಲ ಉತ್ತರ ಆರ್ಕಾಟು, ಅದು ತೆರುಕ್ಕೂತ್ತು ಎಂಬ ತಮಿಳು ಬಯಲಾಟದ ಸೀಮೆ. ಸುತ್ತಲ ಕೋಲಾರದ ಹಳ್ಳಿಗಳದ್ದು ಕೇಳಿಕೆ ಎಂಬ ಮೂಡಲಪಾಯದಾಟ. ಕೂತ್ತಿನಲ್ಲಿ ಕಟ್ಟಿಯಕ್ಕಾರನ್, ಮೂಡಲಪಾಯದಲ್ಲಿ ಸಾರಥಿ, ಇಬ್ಬರದೂ ಒಂದೇ ಕೆಲಸ: ತೆರೆಯಿಂದ ಹೊರಬಂದ ರಾಜನನ್ನು ತಡೆದು ಹೆಸರು, ಊರು, ಬಂದ ಕಾರಣ ವಿಚಾರಿಸುವುದು. ನಡುವೆ ಒಂದಿಷ್ಟು ಗೇಲಿ.

1979ರಲ್ಲಿ ರಂಗನಿರ್ದೇಶಕ ಬಿ.ವಿ. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿ ತಂಡದಿಂದ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಆಡಿಸಿದರು. ಹಿಂದಿ ಅನುವಾದ ರಘುವೀರ ಸಹಾಯರದು, ನಡೆ ನಮ್ಮ ಯಕ್ಷಗಾನದ್ದು, ಹೆಸರು ‘ಬರ್ನಂ ವನ’. ನಾಯಕನ ಹೆಸರು ಹೋಗಿ ಕಾಡಿನ ಹೆಸರು ಬಂತು. ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದವರ ಧೈರ್ಯ ಅದು. ಇಂಥ ಪ್ರಯೋಗದಲ್ಲಿ ತಿಕ್ಕಾಟ ಎಲ್ಲಿದೆ ಗೊತ್ತೇ? ಯಕ್ಷಗಾನದ ವೀರ ಒಡ್ಡೋಲಗದಲ್ಲಿ ಮೆರೆದು ತಾನಾರೆಂದು ಸಾರುತ್ತಾನೆ. ಮ್ಯಾಕ್‌ಬೆತ್ ತನ್ನೊಳಗೇ ಗೊಣಗುವವನು. ಹೆಜ್ಜೆ ಒಂದು ಹೇಳುವಾಗ ಮಾತು ಇನ್ನೊಂದು ಹೇಳಬೇಕು, ಆ ಬಿರುಕಿನಲ್ಲೇ ರಸ. ಆದರೆ ಯಕ್ಷಗಾನದಲ್ಲಿ ಮಾತಾಡುವ ಅರ್ಥಧಾರಿ ಆ ಕ್ಷಣಕ್ಕೆ ಮಾತು ಕಟ್ಟುತ್ತಾನೆ. ಶೇಕ್ಸ್‌ಪಿಯರನ ಮಾತು ಮೊದಲೇ ಬರೆದಿಟ್ಟದ್ದು. ಈ ಕೊಡುಕೊಳ್ಳುವಿಕೆಯಲ್ಲಿ ನಮ್ಮ ಆಟ ತೆತ್ತ ದೊಡ್ಡ ಬೆಲೆ ಈ ಆಶುಮಾತೇ ಎಂದು ನನಗನ್ನಿಸುತ್ತದೆ.

ಮಾತನ್ನು ಮರೆತು ಕುಣಿತಕ್ಕಷ್ಟೇ ಮರುಳಾಗುವವರಿಗೆ ಫ್ರಾನ್ಸಿನ ರಂಗಚಿಂತಕ ಆಂತೊನಿನ್ ಆರ್ತೊ ಹಿರಿಯಣ್ಣ. 1931ರ ಪ್ಯಾರಿಸ್ ವಸಾಹತು ಪ್ರದರ್ಶನದಲ್ಲಿ ಬಾಲಿ ದ್ವೀಪದ ನರ್ತಕರನ್ನು ಕಂಡು, ಮಾತಿನ ದಾಸ್ಯ ಕಳಚಿದ ರಂಗಭೂಮಿ ಇದೇ ಎಂದು ಹಿಗ್ಗಿದ. ಪಶ್ಚಿಮದ ರಂಗಭೂಮಿಗೆ ಅದರಿಂದ ಲಾಭವೇ ಆಯಿತು, ನಿಜ. ಆದರೆ ಬಾಲಿಯ ಆಟಕ್ಕೆ ಮಾತೇನು ಕಡಿಮೆಯೇ? ಅಲ್ಲಿನ ತೊಪೆಂಗ್ ಮುಖವಾಡದಾಟದಲ್ಲಿ ಅರಸರ ‘ಕವಿ’ ಎಂಬ ಹಳೆಯ ಭಾಷೆಯನ್ನು ಊರಿನ ಆಡುಮಾತಿಗಿಳಿಸಿ ನಗಿಸುವುದಕ್ಕೆಂದೇ ಪೆನಸಾರ್ ಎಂಬ ಪಾತ್ರವಿದೆ. ನಮ್ಮ ಕಟ್ಟಿಯಕ್ಕಾರನ ದಾಯಾದಿ ಅಂದುಕೊಳ್ಳಿ.

ಅದಕ್ಕೇ ‘ಮ್ಯಾಕ್‌ಬೆತ್’ ಯಾವ ವೇಷದಲ್ಲೇ ಬರಲಿ, ಕೊಲೆ ನಡೆದ ಬೆನ್ನಿಗೇ ಬರುವ ಕುಡುಕ ದ್ವಾರಪಾಲಕನನ್ನು ಬಿಡದೆ ಗಮನಿಸಿ. ಬಾಗಿಲು ತಟ್ಟುವ ಸದ್ದು ಕೇಳಿ, ತಾನು ನರಕದ ಬಾಗಿಲು ಕಾಯುವವನೆಂದುಕೊಂಡು ‘ಯಾರದು?’ ಎನ್ನುತ್ತಾನೆ, ಥೇಟ್ ಕಟ್ಟಿಯಕ್ಕಾರನ ಹಾಗೆ. ನಿರ್ದೇಶಕರು ಅವನನ್ನು ಬೇಗ ಬೇಗ ದಾಟಿಸಿದರೆ ಆಟದ ಬಟ್ಟೆಬರೆಯಷ್ಟೇ ಎರವಲು ತಂದಿದ್ದಾರೆ ಎನ್ನಿ. ಅವನನ್ನು ನಿಲ್ಲಿಸಿ, ಊರ ಸುದ್ದಿ ಎತ್ತಿ, ಎದುರು ಕೂತವರನ್ನು ಛೇಡಿಸಲು ಬಿಟ್ಟಿದ್ದರೆ ಚಪ್ಪಾಳೆ ಮೊದಲು ಅವನಿಗೇ ಬೀಳಲಿ.